ಏಳಡಿಯ ಮೊಳಕೆ

ಬೆಳೆಯ ಸಿರಿಯನ್ನು ಮೊಳಕೆಯಲ್ಲಿಯೇ ನೋಡಬೇಕೆಂಬುದು ಹಿರಿಯರ ಮಾತು. ಹೊಲಗದ್ದೆಗಳ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಮೊಳಕೆಯೇ ಏಳಡಿ ಎತ್ತರವಿದ್ದರೆ ಅದರ ಮುಂದಿನ ಸಿರಿಯನ್ನು ಕಾಣುವ ಬಗೆ ಹೇಗೆ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೋಕವು ಪ್ರತಿವರ್ಷವೂ ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುತ್ತದೆ. ಅಪಾರ ಧನವನ್ನು ಪಣಕ್ಕಿಟ್ಟು ಉತ್ತರ ಹೇಳುತ್ತದೆ. ಹಲವು ವೇಳೆ ತಪ್ಪುತ್ತದೆ. ಆ ತಪ್ಪುಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ನಡೆದದ್ದು ೧೯೮೪ನೆಯ ಇಸವಿಯ ಜೂನ್ ೧೯ರಂದು, ನ್ಯೂಯಾರ್ಕ್ ನಗರದಲ್ಲಿ.

ಆ ದಿನ ಮೊದಲನೆಯ ಸರದಿಯಲ್ಲಿ ಹ್ಯೂಸ್ಟನ್ ತಂಡವು ನೈಜೀರಿಯದ ಹಕೀಮ್ ಒಲಾಜುವಾನ್‌ನನ್ನು ಆರಿಸಿಕೊಂಡಿತು. ಎರಡನೆಯ ಸರದಿ ಪೋರ್ಟ್‌ಲೆಂಡ್ ತಂಡದ್ದು. ಅದು ಕೆಂಟಕಿ ವಿಶ್ವವಿದ್ಯಾನಿಲಯದ ಸ್ಯಾಮ್ ಬೋವೀ ಎಂಬ ಏಳಡಿ ಒಂದಂಗುಲದ ಯುವಕನ ಹೆಸರನ್ನು ಹೇಳಿತು. ಮೂರನೆಯ ಸರದಿಯ ಷಿಕಾಗೋ ತಂಡಕ್ಕೆ ದೊರೆತವನು ಮೈಕಲ್ ಜಾರ್ಡನ್. ಜಾರ್ಡನ್ ಮುಂದೆ ಷಿಕಾಗೋ ತಂಡಕ್ಕೆ ಆರು ಬಾರಿ ಪ್ರಶಸ್ತಿ ತಂದುಕೊಟ್ಟು ಜಗದ್ವಿಖ್ಯಾತನಾದನು. ಬೋವೀಯಾದರೋ, ‘ಜಾರ್ಡನ್‌ನನ್ನು ಬಿಟ್ಟು ಆರಿಸಲ್ಪಟ್ಟವನು’ ಎಂಬ ಒಂದೇ ವಿಶೇಷಣಕ್ಕೆ ಪಾತ್ರನಾದನು. ಎಲ್ಲವೂ ಮುಗಿದ ಮೇಲೆ ನಗುವುದು ಸುಲಭ. ಆದರೆ ಆ ದಿನ ತೀರ್ಮಾನ ಮಾಡಿದವರು ಮೂರ್ಖರಾಗಿರಲಿಲ್ಲ. ಬುದ್ಧಿವಂತರೂ ಅನುಭವಿಗಳೂ ಆದವರು ಅಳೆದೂ ಸುರಿದೂ ನೋಡಿ ಹೇಗೆ ತಪ್ಪಿದರೆಂಬುದೇ ತಿಳಿಯತಕ್ಕ ಸಂಗತಿ.

ನಡುಗಂಬದ ಮಹಿಮೆ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಒಂದೊಂದು ಪಕ್ಷಕ್ಕೆ ಐವರು. ಚೆಂಡನ್ನು ಹಾಕಬೇಕಾದ ಬಳೆಯು ನೆಲದಿಂದ ಹತ್ತಡಿ ಎತ್ತರದಲ್ಲಿರುತ್ತದೆ. ಆ ಬಳೆಯ ಸಮೀಪದಲ್ಲಿ ಕೋಟೆಯ ಬಾಗಿಲಿನಂತೆ ನಿಲ್ಲುವವನಿಗೆ ‘ಸೆಂಟರ್’ ಎಂದು ಹೆಸರು. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲಿಯೇ ತಡೆಯುವುದು, ಗುರಿ ತಪ್ಪಿ ಪುಟಿದುಬಂದ ಚೆಂಡನ್ನು ಕೈವಶ ಮಾಡಿಕೊಳ್ಳುವುದು, ಹತ್ತಿರದಿಂದ ಚೆಂಡನ್ನು ಬಳೆಗೆ ಹಾಕುವುದು ಇವು ಅವನ ಕರ್ತವ್ಯಗಳು. ಮನೆಗೆ ನಡುಗಂಬವಿದ್ದಂತೆ ತಂಡಕ್ಕೆ ಸೆಂಟರ್ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಈ ನಂಬಿಕೆಗೆ ಆಧಾರವಿಲ್ಲದಿರಲಿಲ್ಲ. ಬಾಸ್ಟನ್ ತಂಡದ ಬಿಲ್ ರಸೆಲ್ ೧೯೫೭ರಿಂದ ೧೯೬೯ರವರೆಗಿನ ಹದಿಮೂರು ಋತುಗಳಲ್ಲಿ ಹನ್ನೊಂದು ಬಾರಿ ಪ್ರಶಸ್ತಿ ಗೆದ್ದುಕೊಟ್ಟಿದ್ದನು. ಅವನೂ ಸೆಂಟರ್ ಆಟಗಾರನೇ.

ಎನ್.ಬಿ.ಎ. ಎಂದು ಪ್ರಸಿದ್ಧವಾದ ಅಮೆರಿಕದ ವೃತ್ತಿಪರ ಸಂಘದಲ್ಲಿ ಹೊಸ ಆಟಗಾರರನ್ನು ಹಂಚಿಕೊಳ್ಳುವ ವಾರ್ಷಿಕ ಸಭೆಗೆ ‘ಡ್ರಾಫ್ಟ್’ ಎನ್ನುತ್ತಾರೆ. ತಂಡಗಳು ಸರದಿಯಂತೆ ಒಬ್ಬೊಬ್ಬ ಯುವಕನನ್ನು ಆರಿಸಿಕೊಳ್ಳುತ್ತವೆ. ಸೋತು ಸೊರಗಿದ ತಂಡಕ್ಕೆ ಮೊದಲ ಸರದಿ ಸಿಗಬೇಕೆಂಬುದು ಇದರ ಧರ್ಮ. ೧೯೮೪ರಲ್ಲಿ ಸಂಘದ ಎರಡು ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲಿಗರನ್ನು ಗೊತ್ತುಮಾಡುತ್ತಿದ್ದರು. ಚೀಟಿ ಎತ್ತುವ ಪದ್ಧತಿ ಬಂದದ್ದು ಮರುವರ್ಷ. ಪೋರ್ಟ್‌ಲೆಂಡ್ ಆಗ ಸೋತ ತಂಡವೇನೂ ಆಗಿರಲಿಲ್ಲ. ಮೂರು ವರ್ಷಗಳ ಹಿಂದೆ ಟಾಮ್ ಓವನ್ಸ್ ಎಂಬ ಆಟಗಾರನನ್ನು ಇಂಡಿಯಾನಾ ತಂಡಕ್ಕೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಅವರ ಮುಂದಿನ ಸರದಿಯೊಂದನ್ನು ಪಡೆದುಕೊಂಡಿತ್ತು. ಇಂಡಿಯಾನಾ ೧೯೮೪ರಲ್ಲಿ ತನ್ನ ವಿಭಾಗದ ತಳಕ್ಕಿಳಿಯಿತು. ಹೀಗೆ ಬಲವಾದ ತಂಡವೊಂದಕ್ಕೆ ಬಡವರಿಗೆ ಮೀಸಲಾದ ಭಾಗ್ಯವು ಅನಾಯಾಸವಾಗಿ ಲಭಿಸಿತು. ನಾಣ್ಯ ಮಾತ್ರ ಹ್ಯೂಸ್ಟನ್ ಕಡೆಗೆ ಬಿದ್ದಿತು.

ಕೊರತೆಯ ಕಣ್ಣು

ಪೋರ್ಟ್‌ಲೆಂಡಿಗೆ ಸೆಂಟರ್ ಬೇಕಾಗಿತ್ತು. ೧೯೭೪ರಲ್ಲಿ ಅದು ಬಿಲ್ ವಾಲ್ಟನ್ ಎಂಬ ಅಸಾಧಾರಣ ಸೆಂಟರ್ ಆಟಗಾರನನ್ನು ಆರಿಸಿಕೊಂಡಿತ್ತು. ಅವನ ಬಲದಿಂದಲೇ ೧೯೭೭ರಲ್ಲಿ ಪ್ರಶಸ್ತಿ ಗೆದ್ದಿತ್ತು. ಅನಂತರ ವಾಲ್ಟನ್‌ನ ಪಾದದ ಮೂಳೆ ಬಿರುಕುಬಿಟ್ಟಿತು. ಆತ ೧೯೭೯ರಲ್ಲಿ ತಂಡವನ್ನೇ ಬಿಟ್ಟುಹೋದನು. ನಡುಗಂಬ ಹೋದ ಮನೆಯಲ್ಲಿ ಐದು ವರ್ಷ ಬಾಳಿದವರಿಗೆ ಕಂಬದ ಚಿಂತೆಯಲ್ಲದೆ ಮತ್ತಾವ ಚಿಂತೆ ಬಂದೀತು? ಜಾರ್ಡನ್ ಆಡುತ್ತಿದ್ದ ಸ್ಥಾನದಲ್ಲಿ ಅವರ ಬಳಿ ಜಿಮ್ ಪ್ಯಾಕ್ಸನ್ ಇದ್ದನು. ಹಿಂದಿನ ವರ್ಷವಷ್ಟೇ ಆರಿಸಿಕೊಂಡ ಕ್ಲೈಡ್ ಡ್ರೆಕ್ಸ್ಲರ್ ಎಂಬ ಪ್ರತಿಭಾವಂತನೂ ಇದ್ದನು. ಇರುವುದನ್ನೇ ಮತ್ತೆ ತರುವುದೇಕೆ, ಇಲ್ಲದ್ದನ್ನು ತರೋಣವೆಂದು ವ್ಯವಸ್ಥಾಪಕ ಸ್ಟೂ ಇನ್‌ಮನ್ ಮತ್ತು ತರಬೇತುದಾರ ಜ್ಯಾಕ್ ರ‍್ಯಾಮ್ಸೆ ಯೋಚಿಸಿದರು. ಸಂಸಾರಸ್ಥರಿಗೆ ಈ ತರ್ಕದಲ್ಲಿ ತಪ್ಪು ಕಾಣಲಾರದು.

ಆ ವರ್ಷದ ಒಲಿಂಪಿಕ್ ತಂಡದ ತರಬೇತುದಾರ ಬಾಬ್ ನೈಟ್, ಜಾರ್ಡನ್‌ನನ್ನೇ ಆರಿಸಿರೆಂದು ಇನ್‌ಮನ್ ಅವರಿಗೆ ಸಲಹೆ ಕೊಟ್ಟರಂತೆ. ತಮಗೆ ಬೇಕಾದದ್ದು ಸೆಂಟರ್ ಎಂದು ಇನ್‌ಮನ್ ಹೇಳಲು, ಹಾಗಾದರೆ ಜಾರ್ಡನ್‌ನನ್ನೇ ಸೆಂಟರ್ ಆಗಿ ಆಡಿಸಿರೆಂದು ನೈಟ್ ಉತ್ತರವಿತ್ತರೆಂಬ ಮಾತು ಕ್ರೀಡಾಲೋಕದಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಕಣ್ಣಿಗೆ ಪೊರೆ ಕವಿದದ್ದು ಪೋರ್ಟ್‌ಲೆಂಡಿಗೆ ಮಾತ್ರವೆಂದು ತಿಳಿಯಬಾರದು. ಜಾರ್ಡನ್‌ನನ್ನು ಪಡೆದುಕೊಂಡ ಷಿಕಾಗೋ ತಂಡದ ವ್ಯವಸ್ಥಾಪಕ ರಾಡ್ ಥಾರ್ನ್ ಕೂಡ, ಈತ ಏಳಡಿ ಎತ್ತರವಿದ್ದಿದ್ದರೆ ಚೆನ್ನಾಗಿತ್ತು, ಸೆಂಟರ್ ಯಾರೂ ಉಳಿದಿರಲಿಲ್ಲ, ಏನು ಮಾಡುವುದು ಎಂಬರ್ಥದ ಮಾತನ್ನಾಡಿದರು. ನಿಧಿ ಕೈಗೆ ಬಂದಾಗಲೂ ಅವರ ಮನಸ್ಸು ಅಳತೆಗೋಲಿನಲ್ಲಿಯೇ ಇದ್ದಿತು!

ಏಳು ಗಂಟೆಗಳ ಪರೀಕ್ಷೆ

ಬೋವೀ ಕೇವಲ ಎತ್ತರದ ಗೊಂಬೆಯಾಗಿರಲಿಲ್ಲ. ಪೆನ್ಸಿಲ್ವೇನಿಯ ರಾಜ್ಯದ ಲೆಬನನ್ ಎಂಬ ಊರಿನಲ್ಲಿ ೧೯೬೧ರಲ್ಲಿ ಹುಟ್ಟಿದ ಆತ ಶಾಲಾದಿನಗಳಿಂದಲೇ ಹೆಸರಾಗಿದ್ದನು. ೧೯೮೦ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ, ಅಮೆರಿಕದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದನು. ಮಾಸ್ಕೋ ಕ್ರೀಡಾಕೂಟವನ್ನು ಅಮೆರಿಕವು ಬಹಿಷ್ಕರಿಸಿದ್ದರಿಂದ ಆಡುವ ಯೋಗ ಬರಲಿಲ್ಲ. ಅಷ್ಟೆತ್ತರದ ದೇಹದಲ್ಲಿ ಅಪರೂಪವಾದ ಹಗುರವಾದ ಓಟ, ಜೊತೆಗಾರರಿಗೆ ಚೆಂಡನ್ನು ಒಪ್ಪಿಸುವ ಜಾಣ್ಮೆ, ದೂರದಿಂದ ಎಸೆಯಬಲ್ಲ ಮೃದುವಾದ ಕೈ, ಎಲ್ಲವೂ ಅವನಲ್ಲಿದ್ದವು. ಕೆಂಟಕಿಯ ಎರಡನೆಯ ವರ್ಷದಲ್ಲಿ ಪಂದ್ಯವೊಂದಕ್ಕೆ ಸರಾಸರಿ ೧೭ ಅಂಕಗಳನ್ನು ಗಳಿಸಿದನು.

ಅನಂತರ ಎಡ ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕೊಂದು ಕಾಣಿಸಿಕೊಂಡಿತು. ಒಂದೇ ಪೆಟ್ಟಿಗೆ ಮುರಿದ ಮೂಳೆಯಲ್ಲ ಅದು. ದಿನದಿನದ ಓಟ, ನೆಗೆತಗಳ ಒತ್ತಡದಿಂದ ಸವೆದು ಸೀಳಿದ ಮೂಳೆ. ಅದು ಕೂಡಿಕೊಳ್ಳಲೊಲ್ಲದೆ ೧೯೮೧-೮೨, ೧೯೮೨-೮೩ರ ಎರಡು ಋತುಗಳು ಪೂರ್ತಿಯಾಗಿ ನಷ್ಟವಾದವು. ಮರಳಿ ಬಂದ ವರ್ಷದಲ್ಲಿ ಅವನ ಸರಾಸರಿ ಹತ್ತು ಅಂಕಗಳ ಸುಮಾರಿಗೆ ಇಳಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಯನ್ನು ಬಲ್ಲವರು ಈ ಕಾಲನ್ನು ಕಂಡು ಹೆದರಲೇಬೇಕು. ಪೋರ್ಟ್‌ಲೆಂಡಿನವರೂ ಹೆದರಿದರು. ಆದ್ದರಿಂದಲೇ ಅವನನ್ನು ಕರೆಸಿ ಸುಮಾರು ಏಳು ಗಂಟೆಗಳ ಕಾಲ ವೈದ್ಯಕೀಯ ಪರೀಕ್ಷೆ ನಡೆಸಿದರು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವಂತೆ ಎಲ್ಲವನ್ನೂ ನೋಡಿದರು. ವೈದ್ಯರು ಒಪ್ಪಿಗೆ ಕೊಟ್ಟರು.

ಆ ಕೋಣೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿ ಹೊರಬಂದದ್ದು ಇಪ್ಪತ್ತೆಂಟು ವರ್ಷಗಳ ಮೇಲೆ. ೨೦೧೨ರಲ್ಲಿ ತನ್ನನ್ನು ಕುರಿತ ಸಾಕ್ಷ್ಯಚಿತ್ರವೊಂದರಲ್ಲಿ ಬೋವೀ ತಾನಾಗಿಯೇ ಅದನ್ನು ಹೇಳಿದನು. ವೈದ್ಯರು ಸಣ್ಣ ಸುತ್ತಿಗೆಯಿಂದ ಎಡಗಾಲಿನ ಮೂಳೆಯ ಮೇಲೆ ತಟ್ಟಿ ನೋವಾಗುತ್ತದೆಯೇ ಎಂದು ಕೇಳಿದಾಗ ಆತ ಏನೂ ಅನ್ನಿಸುವುದಿಲ್ಲವೆಂದು ಉತ್ತರಿಸಿದ್ದನು. ಒಳಗೆ ನೋವಿದ್ದಿತು. ಅದು ಸುಳ್ಳೆಂದಾದರೆ, ಅದು ತಪ್ಪೆಂದಾದರೆ ಆಗಲಿ, ಪ್ರೀತಿಪಾತ್ರರಾದವರಿಗೆ ನೆರವಿನ ಅಗತ್ಯವಿರುವಾಗ ಯಾರಾದರೂ ಇದನ್ನೇ ಮಾಡುತ್ತಿದ್ದರೆಂಬುದು ಅವನ ಅಭಿಪ್ರಾಯ.

ಈ ಮಾತನ್ನು ಕೇಳಿ ಅವನನ್ನು ಹಳಿಯುವ ಮೊದಲು ವಾಚಕರು ಒಂದು ಕ್ಷಣ ಯೋಚಿಸಬೇಕು. ಇಪ್ಪತ್ತಮೂರು ವರ್ಷದ ಹುಡುಗ. ಎರಡು ವರ್ಷ ಮೂಲೆಯಲ್ಲಿ ಕುಳಿತು ಎದ್ದುಬಂದವನು. ‘ಹೌದು, ಸ್ವಲ್ಪ ನೋವಿದೆ’ ಎಂಬ ಮೂರು ಮಾತುಗಳು ಅವನ ಮನೆಯವರ ಭಾಗ್ಯವನ್ನೇ ಬದಲಿಸಬಹುದಾಗಿದ್ದ ಗಳಿಗೆ. ಕೊಳ್ಳುವವರು ನಿಜವನ್ನು ಬಯಸುತ್ತಾರೆ. ಆದರೆ ನಿಜ ಹೇಳಿದವನಿಗೆ ಬೆಲೆಯನ್ನು ಇಳಿಸುತ್ತಾರೆ. ಇಂಥ ಪರೀಕ್ಷೆಯಲ್ಲಿ ಸುತ್ತಿಗೆಯ ಸದ್ದು ಕೇಳಿಸೀತು, ಮೂಳೆಯ ಸದ್ದು ಕೇಳಿಸಲಾರದು.

ಮೂಳೆಯ ಲೆಕ್ಕ

ಮೊದಲ ವರ್ಷ ಬೋವೀ ೭೬ ಪಂದ್ಯಗಳನ್ನಾಡಿದನು. ಪಂದ್ಯವೊಂದಕ್ಕೆ ಸರಾಸರಿ ಹತ್ತು ಅಂಕ, ಎಂಟೂವರೆಗೆ ಮೇಲ್ಪಟ್ಟು ಪುಟಿಚೆಂಡುಗಳು. ಹೊಸಬರಲ್ಲಿ ಉತ್ತಮರಾದ ಐವರ ಪಟ್ಟಿಯಲ್ಲಿ ಒಲಾಜುವಾನ್, ಜಾರ್ಡನ್, ಬಾರ್ಕ್ಲಿ, ಪರ್ಕಿನ್ಸ್ ಇವರೊಡನೆ ಅವನ ಹೆಸರೂ ಬಂದಿತು. ಆ ವರ್ಷ ಪೋರ್ಟ್‌ಲೆಂಡಿನ ತೀರ್ಮಾನವನ್ನು ತಪ್ಪೆಂದು ಗೇಲಿ ಮಾಡಲು ಕಾರಣವಿರಲಿಲ್ಲ. ಎರಡನೆಯ ವರ್ಷ ಕಾಲಿನ ತೊಂದರೆ ಮರುಕಳಿಸಿ ೩೮ ಪಂದ್ಯಗಳಿಗೆ ನಿಂತನು. ಮೂರನೆಯ ಋತುವಿನ ಐದನೆಯ ಪಂದ್ಯದಲ್ಲಿ, ೧೯೮೬ರ ನವೆಂಬರಿನಲ್ಲಿ, ನೆಗೆಯಹೋದಾಗ ಬಲಗಾಲಿನ ಮೂಳೆ ಮುರಿಯಿತು. ವೈದ್ಯರು ತಟ್ಟಿ ನೋಡಿದ ಎಡಗಾಲಲ್ಲ, ಯಾರೂ ಸಂಶಯಪಡದಿದ್ದ ಬಲಗಾಲು! ಮರುವರ್ಷ ಅದೇ ಮೂಳೆ ಮತ್ತೆ ಬಿರುಕುಬಿಟ್ಟು ಇಡೀ ಋತು ಹೋಯಿತು. ಐದು ಋತುಗಳಲ್ಲಿ ಆಡಬಹುದಾಗಿದ್ದ ೪೧೦ ಪಂದ್ಯಗಳ ಪೈಕಿ ಪೋರ್ಟ್‌ಲೆಂಡಿಗಾಗಿ ಆತ ಆಡಿದ್ದು ೧೩೯.

ಎತ್ತರದ ಆಟಗಾರರಿಗೇ ಈ ಶಾಪವು ಹೆಚ್ಚಾಗಿ ತಟ್ಟುವುದೇಕೆ? ಇದಕ್ಕೆ ಗೆಲಿಲಿಯೋ ೧೬೩೮ರಲ್ಲಿಯೇ ಒಂದು ಲೆಕ್ಕವನ್ನು ಕೊಟ್ಟಿದ್ದಾನೆ. ಒಂದು ಪ್ರಾಣಿಯನ್ನು ಎಲ್ಲ ದಿಕ್ಕಿನಲ್ಲಿಯೂ ಎರಡರಷ್ಟು ಬೆಳೆಸಿದರೆ ಅದರ ತೂಕ ಎಂಟರಷ್ಟಾಗುತ್ತದೆ. ಆ ತೂಕವನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತಾರವಾದರೋ ನಾಲ್ಕರಷ್ಟು ಮಾತ್ರ. ಏಳಡಿಯ ಮನುಷ್ಯನು ಐದೂವರೆ ಅಡಿಯವನ ಎರಡರಷ್ಟೇನೂ ಅಲ್ಲ. ಆದರೂ ನಿಯಮ ಅದೇ. ಎತ್ತರ ಹೆಚ್ಚಿದಂತೆಲ್ಲ ಹೊರೆ ಮುಂದೆ ಓಡುತ್ತದೆ, ಮೂಳೆ ಹಿಂದೆ ಉಳಿಯುತ್ತದೆ. ಅಂಥ ದೇಹವು ವರ್ಷಕ್ಕೆ ೮೨ ಪಂದ್ಯಗಳಲ್ಲಿ ಮರದ ಹಲಗೆಯ ನೆಲದ ಮೇಲೆ ಓಡಿ, ನೆಗೆದು, ಬೀಳಬೇಕು. ಯಾವ ಗುಣಕ್ಕಾಗಿ ಅವನನ್ನು ಆರಿಸುತ್ತಾರೋ ಆ ಗುಣವೇ ಅವನ ಕಾಲನ್ನು ಮುರಿಯಬಲ್ಲದು.

ಹಾಗೆಂದು ಗಿಡ್ಡವರ ಮೂಳೆ ವಜ್ರದ್ದೇ? ಜಾರ್ಡನ್‌ನ ಪಾದದ ಮೂಳೆಯೂ ಎರಡನೆಯ ಋತುವಿನ ಆರಂಭದಲ್ಲಿ, ೧೯೮೫ರಲ್ಲಿ, ಮುರಿದಿತ್ತು. ಆ ಋತುವಿನಲ್ಲಿ ಆತ ಆಡಿದ್ದು ೧೮ ಪಂದ್ಯಗಳು ಮಾತ್ರ. ಅದು ಕೂಡಿಕೊಂಡಿತು, ಬೋವೀಯದು ಕೂಡಲಿಲ್ಲ. ಈ ಒಂದು ವ್ಯತ್ಯಾಸವನ್ನು ೧೯೮೪ರ ಜೂನಿನಲ್ಲಿ ಯಾರು ತಾನೇ ಓದಬಹುದಾಗಿದ್ದಿತು?

ಪೋರ್ಟ್‌ಲೆಂಡಿನ ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ೨೦೦೭ರಲ್ಲಿ ಅದಕ್ಕೆ ಮೊದಲನೆಯ ಸರದಿಯೇ ಸಿಕ್ಕಿತು. ಅದು ಆರಿಸಿದ್ದು ಗ್ರೆಗ್ ಓಡನ್ ಎಂಬ ಏಳಡಿಯ ಸೆಂಟರ್; ಬಿಟ್ಟದ್ದು ಕೆವಿನ್ ಡುರಾಂಟ್. ಮೊದಲ ಪಂದ್ಯಕ್ಕೆ ಮುನ್ನವೇ ಓಡನ್‌ನ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ೨೦೧೨ರಲ್ಲಿ ತಂಡವು ಅವನನ್ನು ಬಿಟ್ಟುಕೊಡುವ ಹೊತ್ತಿಗೆ ಅವನು ಆಡಿದ್ದು ಒಟ್ಟು ೮೨ ಪಂದ್ಯಗಳು, ಎಂದರೆ ಉಳಿದವರು ಒಂದೇ ವರ್ಷದಲ್ಲಿ ಆಡುವಷ್ಟು. ಇನ್ನೊಂದು ಕಡೆ, ಫಿಲಡೆಲ್ಫಿಯ ತಂಡವು ೨೦೧೪ರಲ್ಲಿ ಪಾದದ ಮೂಳೆ ಮುರಿದಿದ್ದ ಕ್ಯಾಮರೂನಿನ ಜೋಯೆಲ್ ಎಂಬೀಡ್‌ನನ್ನು ತಿಳಿದೂ ತಿಳಿದೂ ಮೂರನೆಯವನನ್ನಾಗಿ ಆರಿಸಿ ಎರಡು ಪೂರ್ಣ ಋತು ಕಾದಿತು. ಗಾಯಗಳು ಅವನನ್ನು ಪೂರ್ತಿ ಬಿಡಲಿಲ್ಲವಾದರೂ ೨೦೨೩ರಲ್ಲಿ ಆತ ಸಂಘದ ಅತ್ಯುತ್ತಮ ಆಟಗಾರನೆನಿಸಿಕೊಂಡನು. ಒಂದೇ ಬಗೆಯ ಭಯಕ್ಕೆ ಎರಡು ಬಗೆಯ ಫಲ!

ಅಳತೆಗೆ ಸಿಕ್ಕದ ಗುಣ

ಹಾಗಾದರೆ ಪರೀಕ್ಷಿಸುವವರು ನೋಡಬೇಕಾದುದೇನು? ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆಯಬಹುದು, ತೋಳಿನ ಚಾಚನ್ನು ಟೇಪಿನಿಂದ ಅಳೆಯಬಹುದು, ನೆಗೆತವನ್ನು ಅಂಗುಲಗಳಲ್ಲಿ ಬರೆದಿಡಬಹುದು. ಆದರೆ ಪಾದಗಳ ಜಾಣತನ, ಕಣ್ಣಿನ ಎಚ್ಚರ, ದಿನದಿನದ ಸಾಧನೆಗೆ ಬೇಸರಪಡದ ಮನಸ್ಸು ಇವಕ್ಕೆ ಗೋಡೆಯಿಲ್ಲ, ಟೇಪಿಲ್ಲ.

ಮೊದಲನೆಯವನಾಗಿ ಆರಿಸಲ್ಪಟ್ಟ ಒಲಾಜುವಾನ್ ಲಾಗೋಸ್ ನಗರದವನು. ಬಾಲ್ಯದಲ್ಲಿ ಕಾಲ್ಚೆಂಡಾಟದ ಗೋಲಿ, ಹ್ಯಾಂಡ್‌ಬಾಲ್ ಆಟಗಾರ. ಬ್ಯಾಸ್ಕೆಟ್‌ಬಾಲಿಗೆ ಬಂದದ್ದೇ ಹದಿಹರೆಯದಲ್ಲಿ. ತಡವಾಗಿ ಬಂದನೆಂಬುದು ಕಾಗದದ ಮೇಲೆ ಕೊರತೆ. ಆದರೆ ಗೋಲು ಕಾಯುವಾಗ ಕಲಿತ ಪಾದಗಳ ಚಲನೆಯೇ ಮುಂದೆ ಅವನ ಹೆಗ್ಗುರುತಾಯಿತು. ೧೯೯೪, ೧೯೯೫ರಲ್ಲಿ ಹ್ಯೂಸ್ಟನ್‌ಗೆ ಪ್ರಶಸ್ತಿಗಳನ್ನು ತಂದನು. ಎದುರಾಳಿಗಳ ೩,೮೩೦ ಎಸೆತಗಳನ್ನು ತಡೆದ ಅವನ ದಾಖಲೆಯು ಇಂದಿಗೂ ಅಳಿದಿಲ್ಲ.

ಸರ್ಬಿಯ ದೇಶದ ಸೋಂಬೋರ್ ಪಟ್ಟಣದ ನಿಕೋಲಾ ಯೋಕಿಚ್‌ನ ವಿಷಯ ಇದಕ್ಕಿಂತ ವಿಚಿತ್ರ. ದುಂಡಗಿನ ಮೈ, ನಿಧಾನದ ಓಟ, ಹೇಳಿಕೊಳ್ಳುವಂಥ ನೆಗೆತವಿಲ್ಲ. ೨೦೧೪ರಲ್ಲಿ ಡೆನ್ವರ್ ತಂಡವು ಅವನನ್ನು ೪೧ನೆಯವನನ್ನಾಗಿ ಆರಿಸಿದಾಗ ದೂರದರ್ಶನದಲ್ಲಿ ತಿಂಡಿಯ ಜಾಹೀರಾತು ಓಡುತ್ತಿದ್ದಿತು. ಜೊತೆಗಾರನು ಎಲ್ಲಿಗೆ ಬರುವನೆಂದು ಮೊದಲೇ ಕಂಡು ಚೆಂಡನ್ನು ಅಲ್ಲಿಗೆ ಕಳುಹುವ ಅವನ ಕಣ್ಣು ಯಾವ ಅಳತೆಗೂ ಸಿಕ್ಕಿರಲಿಲ್ಲ. ಆತ ೨೦೨೧, ೨೦೨೨, ೨೦೨೪ರಲ್ಲಿ ಸಂಘದ ಅತ್ಯುತ್ತಮ ಆಟಗಾರನಾದನು. ೨೦೨೩ರಲ್ಲಿ ಡೆನ್ವರ್‌ಗೆ ಪ್ರಶಸ್ತಿಯನ್ನು ಗೆದ್ದುಕೊಟ್ಟನು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಭಾರತದಲ್ಲಿಯೇ ಇದೆ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್, ಏಳಡಿ ಎರಡಂಗುಲ. ಎಳೆಯ ಹದಿನಾಲ್ಕರಲ್ಲಿ, ೨೦೧೦ರಲ್ಲಿ, ತರಬೇತಿಗಾಗಿ ಫ್ಲಾರಿಡಕ್ಕೆ ಹೋದನು. ಭಾಷೆ ಬಾರದ ನಾಡಿನಲ್ಲಿ ಐದು ವರ್ಷ ದುಡಿದು, ೨೦೧೫ರಲ್ಲಿ ಡಲ್ಲಾಸ್ ತಂಡದಿಂದ ೫೨ನೆಯವನಾಗಿ ಆಯ್ಕೆಗೊಂಡು, ಡ್ರಾಫ್ಟ್‌ನಲ್ಲಿ ಆರಿಸಲ್ಪಟ್ಟ ಪ್ರಥಮ ಭಾರತೀಯ ಪ್ರಜೆ ಎನಿಸಿಕೊಂಡನು. ಆದರೆ ಎನ್.ಬಿ.ಎ. ಋತುವಿನ ಒಂದು ಪಂದ್ಯವನ್ನಾದರೂ ಆಡುವ ಭಾಗ್ಯ ಅವನದಾಗಲಿಲ್ಲ. ಕಿರಿಯ ಸಂಘದ ತಂಡದಲ್ಲಿ ಆಡಿ ಮರಳಿ, ಕಡೆಗೆ ವೃತ್ತಿಪರ ಕುಸ್ತಿಯ ಕಡೆಗೆ ತಿರುಗಿದನು. ಎತ್ತರವು ಅವನನ್ನು ಬಾಗಿಲವರೆಗೆ ಕರೆದೊಯ್ದಿತು. ವೇಗ ಹೆಚ್ಚಿ, ದೂರದ ಎಸೆತಗಳ ಕಾಲ ಬಂದು, ಸೆಂಟರ್ ಆದವನೂ ಓಡಬೇಕಾದ ದಿನಗಳಲ್ಲಿ ಒಳಗೆ ಕೂರಿಸಲು ಎತ್ತರವೊಂದೇ ಸಾಲದಾಯಿತು.

ತಪ್ಪು ಯಾರದು?

ಇವನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಪೋರ್ಟ್‌ಲೆಂಡಿನ ತಪ್ಪು ಯಾವುದೆಂಬುದು ಸ್ಪಷ್ಟವಾಗುತ್ತದೆ. ಬೋವೀಯ ಕಾಲು ಮುರಿಯುವುದೆಂದು ತಿಳಿಯದೆ ಹೋದದ್ದು ತಪ್ಪಲ್ಲ; ಅದು ಯಾರಿಗೂ ತಿಳಿಯುವಂತಿರಲಿಲ್ಲ. ತಮಗೆ ಬೇಕಾದ ಆಟಗಾರ ಯಾರೆಂದು ಮೊದಲೇ ತೀರ್ಮಾನಿಸಿಕೊಂಡು, ಅನಂತರ ಪರೀಕ್ಷೆಗೆ ಕುಳಿತದ್ದೇ ತಪ್ಪು. ಹಾಗೆ ಕುಳಿತವನು ಪರೀಕ್ಷೆ ಮಾಡುವುದಿಲ್ಲ, ಒಪ್ಪಿಗೆಯನ್ನು ಹುಡುಕುತ್ತಾನೆ. ಏಳು ಗಂಟೆಗಳ ಕಾಲ ಹುಡುಗನ ಕಾಲನ್ನು ನೋಡಿದವರು, ತಮ್ಮ ಕೊರತೆಯು ತಮ್ಮ ಕಣ್ಣಿಗೆ ಏನು ಮಾಡಿದೆಯೆಂದು ಏಳು ನಿಮಿಷ ನೋಡಿಕೊಳ್ಳಲಿಲ್ಲ. ಮಗನಿಗೆ ಕಾಲೇಜು ಆರಿಸುವ ತಂದೆ, ಮಗಳಿಗೆ ವರನನ್ನು ನೋಡುವ ತಾಯಿ, ಕಚೇರಿಗೆ ಗುಮಾಸ್ತನನ್ನು ತೆಗೆದುಕೊಳ್ಳುವ ಅಧಿಕಾರಿ ಇವರಿಗೂ ಈ ಮಾತು ಸಲ್ಲದೆ ಇರದು.

ತಪ್ಪಿನ ಬೆಲೆಯನ್ನು ಮಾತ್ರ ಬೋವೀ ತೆತ್ತನು. ೧೯೮೯ರಲ್ಲಿ ಪೋರ್ಟ್‌ಲೆಂಡ್ ಅವನನ್ನು ನ್ಯೂಜೆರ್ಸಿ ತಂಡಕ್ಕೆ ಕೊಟ್ಟು ಬಕ್ ವಿಲಿಯಮ್ಸ್ ಎಂಬ ಆಟಗಾರನನ್ನು ತಂದುಕೊಂಡಿತು. ವಿಲಿಯಮ್ಸ್ ಬಂದ ಮೇಲೆ ಆ ತಂಡ ೧೯೯೦ ಮತ್ತು ೧೯೯೨ರಲ್ಲಿ ಅಂತಿಮ ಸುತ್ತನ್ನು ಮುಟ್ಟಿತು. ೧೯೯೨ರಲ್ಲಿ ಅದನ್ನು ಸೋಲಿಸಿದ್ದು ಜಾರ್ಡನ್‌ನ ಷಿಕಾಗೋ. ಬೋವೀ ಅತ್ತ ನ್ಯೂಜೆರ್ಸಿಯಲ್ಲಿ ಕಾಲು ಗಟ್ಟಿಯಾಗಿ ನಾಲ್ಕು ವರ್ಷ ಚೆನ್ನಾಗಿಯೇ ಆಡಿದನು. ೧೯೯೧-೯೨ರಲ್ಲಿ ಅವನ ಸರಾಸರಿ ೧೫ ಅಂಕಗಳು. ಕಡೆಗೆ ಲಾಸ್ ಏಂಜಲಿಸ್ ತಂಡದಲ್ಲಿ ಆಡಿ ೧೯೯೫ರಲ್ಲಿ ನಿವೃತ್ತನಾದಾಗ ಒಟ್ಟು ೫೧೧ ಪಂದ್ಯಗಳು ಅವನ ಲೆಕ್ಕದಲ್ಲಿದ್ದವು. ಮೂರು ಬಾರಿ ಮುರಿದ ಮೂಳೆಗಳ ಮೇಲೆ ನಿಂತು ಹತ್ತು ಋತುಗಳನ್ನು ಆಡಿದವನನ್ನು ಸೋತವನೆಂದು ಕರೆಯುವುದು ನ್ಯಾಯವಲ್ಲ. ಜಾರ್ಡನ್ ಅವನ ಹಿಂದಿನ ಸರದಿಯಲ್ಲಿ ನಿಂತಿದ್ದನೆಂಬುದು ಅವನ ಅಪರಾಧವೂ ಅಲ್ಲ.

ನಿವೃತ್ತಿಯ ಅನಂತರ ಬೋವೀ ಕೆಂಟಕಿಯ ಲೆಕ್ಸಿಂಗ್‌ಟನ್ ನಗರದಲ್ಲಿ ನೆಲೆಸಿ, ಚಿಕ್ಕ ಗಾಡಿಗಳನ್ನೆಳೆದು ಓಡುವ ಪಂದ್ಯದ ಕುದುರೆಗಳನ್ನು ಸಾಕಿ ಪಳಗಿಸುವ ಕೆಲಸದಲ್ಲಿ ತೊಡಗಿದನು. ಕುದುರೆಯ ವ್ಯಾಪಾರದಲ್ಲಿಯೂ ಮೊದಲು ನೋಡುವುದು ಕಾಲನ್ನೇ. ಆದರೆ ಆ ಮೂಕಪ್ರಾಣಿಯು ಮನೆಯವರನ್ನು ನೆನೆದು, ತನಗೆ ನೋವಿಲ್ಲವೆಂದು ಹೇಳಬೇಕಾದ ಗಳಿಗೆಯಂತೂ ಬರುವುದಿಲ್ಲ.